ಹೊಳೆಯ ಮೀನುಗಳ ಎಣಿಕೆ: ಅರಿವು ಮತ್ತು ಆಚಾರ

ನದಿಯ ಕ್ಷೇಮವನ್ನು ನೀರಿನ ಮಟ್ಟದಿಂದ ಮಾತ್ರ ಅಳೆಯಲಾಗದು. ಆ ನೀರನ್ನಾಶ್ರಯಿಸಿದ ಜೀವಸಂಕುಲವನ್ನೂ ನೋಡಬೇಕು. ಸುರಪುರ, ಶಹಾಪುರ ಸೀಮೆಗಳಲ್ಲಿ ಕೃಷ್ಣೆಯೂ ಯಾದಗಿರಿಯ ಬದಿಯಲ್ಲಿ ಭೀಮೆಯೂ ಹರಿಯುತ್ತಿರಲು, ನಮಗೆ ಈ ವಿಚಾರವು ದೂರದ್ದಲ್ಲ.

ಮತ್ಸ್ಯಜ್ಞಾನವು ನಮ್ಮ ನಾಡಿಗೆ ಹೊಸದೂ ಅಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದ ಪ್ರಕರಣವನ್ನಿರಿಸಿ, ಮೀನುಗಳ ಪ್ರಭೇದ, ಆಹಾರಗಳನ್ನು ವಿವರಿಸಿದ್ದಾನೆ. ಅರಸನ ಉದ್ದೇಶ ವಿನೋದವಾಗಿದ್ದರೂ ಒಂದೊಂದು ಪ್ರಭೇದವನ್ನು ಬೇರೆಯಾಗಿ ಗುರುತಿಸುವ ಆ ದೃಷ್ಟಿಯು ಇಂದಿನ ಮತ್ಸ್ಯಸಂರಕ್ಷಣೆಗೂ ತಳಹದಿಯಾಗಿದೆ.

ಇದಕ್ಕೆ ಕಾವೇರಿಯ ಮಹಶೀರ್ ಮೀನೇ ನಿದರ್ಶನ. ಗಾಳಿಬೋರೆ ಶಿಬಿರದಲ್ಲಿ ಗಾಳ ಹಾಕುವವರು ಹಿಡಿದ ಮೀನನ್ನು ದಾಖಲಿಸಿ, ಜೀವಸಹಿತ ಹೊಳೆಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದರು. 23,620 ಗಂಟೆಗಳ ಶ್ರಮಕ್ಕೆ ದೊರೆತವು 6,161 ಮೀನುಗಳು. ಗಂಟೆಗಳ ಲೆಕ್ಕವೇಕೆಂದರೆ, ಹೆಚ್ಚು ಹೊತ್ತು ಗಾಳ ಹಾಕಿದಾಗ ಹೆಚ್ಚು ಮೀನು ಸಿಗುವುದು ಸಹಜ; ಗಂಟೆಯೊಂದಕ್ಕೆ ಎಷ್ಟೆಂದು ತಿಳಿದಾಗಲೇ ವರ್ಷವರ್ಷಗಳನ್ನು ಹೋಲಿಸಬಹುದು.

ಹಾಗೆ ಹೋಲಿಸಿದಾಗ ಸಿಗುವ ಮೀನಿನ ಪ್ರಮಾಣವು ಏರಿತ್ತು. ಸರಾಸರಿ ಗಾತ್ರವು ಇಳಿದಿತ್ತು. ಪ್ರಭೇದವಾರು ನೋಡಿದಾಗ ಇದರ ಮರ್ಮ ತಿಳಿಯಿತು. ಹೆಚ್ಚಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ಈಜುರೆಕ್ಕೆಯ ಮಹಶೀರ್. ಕಾವೇರಿಯ ಜಲಾನಯನಕ್ಕಷ್ಟೇ ಸೇರಿದ ಡುಬ್ಬದ ಮಹಶೀರ್ ಕ್ಷೀಣಿಸುತ್ತಿತ್ತು. ಹೊಸ ಪೀಳಿಗೆಯು ಬೆಳೆದುಬರುತ್ತಿರಲಿಲ್ಲ. 2018ರಲ್ಲಿ ಅದನ್ನು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಯೆಂದು ಸೇರಿಸಲಾಯಿತು. ಒಟ್ಟು ಸಂಖ್ಯೆಯು ಸಂತೋಷವನ್ನುಂಟುಮಾಡುತ್ತಿರುವಾಗಲೇ ಹೊಳೆಯ ಮೂಲಜೀವಿಯು ಮರೆಯಾಗುತ್ತಿತ್ತು!

ಈ ಪಾಠವು ಕೃಷ್ಣೆಗೂ ಸಲ್ಲುತ್ತದೆ. ನಾರಾಯಣಪುರದ ಬಸವಸಾಗರದಿಂದ ನಮ್ಮ ಹೊಲಗಳು ಹಸುರಾಗಿವೆ. ಆದರೆ ಯಾವುದೇ ಅಣೆಕಟ್ಟು ಮೀನುಗಳ ಸಂಚಾರವನ್ನು ತಡೆಯುತ್ತದೆ, ಹರಿವನ್ನು ಬದಲಿಸುತ್ತದೆ. ಆದ್ದರಿಂದ ಹೊಸ ಮರಿಗಳನ್ನು ಬಿಡುವ ಮುನ್ನ ಇಲ್ಲಿಯವೇ ಆದ ಮೀನುಗಳು ಯಾವುವು, ಅವುಗಳ ಮರಿಗಳು ಬೆಳೆಯುತ್ತಿವೆಯೇ ಎಂದು ಅರಿಯಬೇಕು. ಬಿಟ್ಟ ಮರಿಗಳ ಎಣಿಕೆಯೊಂದೇ ಸಂರಕ್ಷಣೆಯಾಗದು.

ಹೊಳೆಯನ್ನೇ ನಂಬಿ ಬಾಳುವ ಅಂಬಿಗರು, ಮೀನುಗಾರರು ಈ ಅರಿವಿನ ಭಂಡಾರಿಗಳು. ನಮ್ಮ ಶಾಲೆಯ ಮಕ್ಕಳು ಗುರುಗಳೊಡನೆ ಅವರಲ್ಲಿಗೆ ಹೋಗಿ, ಮೀನುಗಳ ಸ್ಥಳೀಯ ಹೆಸರು, ಸಿಗುವ ಕಾಲ, ಗಾತ್ರ, ಬಲೆ ಹಾಕಿದ ಹೊತ್ತು ಇವನ್ನು ವರ್ಷವರ್ಷವೂ ಬರೆದಿಡಬಹುದು. ಇದಕ್ಕೆ ಬೇಕಾದುದು ಒಂದು ದಪ್ಪ ಪುಸ್ತಕ ಮತ್ತು ಬಿಡದ ನಿಷ್ಠೆ. ವಿಜ್ಞಾನದೊಡನೆ ಭಾಷೆಗೂ ಲಾಭ. ಮೀನಿನೊಡನೆ ಅದರ ಹೆಸರೂ ಅಳಿಯುವುದಷ್ಟೆ.

ಪ್ರಾಣಿದಯೆಯು ಶರಣರು ಕಲಿಸಿದ ಆಚಾರ. ಯಾವ ಜೀವಿಯು ಎಲ್ಲಿ ಕ್ಷೀಣಿಸುತ್ತಿದೆಯೆಂಬ ಅರಿವು ಕೂಡಿದಾಗಲೇ ಆ ದಯೆಯು ಹೊಳೆಯ ಜೀವಗಳಿಗೆ ತಲುಪೀತು.