ಲೂನ್ ಪಕ್ಷಿಯೂ ಸೀಸದ ಗುಂಡೂ

ಅಮೇರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದಲ್ಲಿ ಸ್ಕ್ವಾಮ್ ಎಂಬ ಸರೋವರವುಂಟು. ಅಲ್ಲಿ ಬೇಸಗೆಯಲ್ಲಿ ಮರಿಮಾಡುವ ಲೂನ್ ಪಕ್ಷಿಯ ವಿಚಾರವನ್ನು ನಾವು ಸ್ವಲ್ಪ ತಿಳಿಯೋಣ. ಕರಿಯ ತಲೆ, ಕೆಂಪು ಕಣ್ಣು, ಬೆನ್ನ ಮೇಲೆ ಬಿಳಿಯ ಚೌಕಗಳು. ಮುಳುಗಿ ಮೀನು ಹಿಡಿಯುವುದರಲ್ಲಿ ಇದು ಬಹು ನಿಪುಣ. ಆದರೆ ಕಾಲುಗಳು ದೇಹದ ಹಿಂತುದಿಯಲ್ಲಿರುವುದರಿಂದ ನೆಲದ ಮೇಲೆ ನಡೆಯಲಾರದಷ್ಟು ಕಷ್ಟಪಡುವುದು. ಆದಕಾರಣ ನೀರಿನ ಅಂಚಿನಲ್ಲಿಯೇ ಗೂಡು. ಸಾಮಾನ್ಯವಾಗಿ ಎರಡೇ ಮೊಟ್ಟೆ. ಮರಿಗಳು ತಾಯಿತಂದೆಗಳ ಬೆನ್ನೇರಿ ಸವಾರಿಮಾಡುವ ಚೆಂದವನ್ನು ದೂರದಿಂದ, ದುರ್ಬೀನಿನಲ್ಲಿಯೇ ನೋಡತಕ್ಕದ್ದು. ದೋಣಿಯು ಸಮೀಪಿಸಿದರೆ ಕಾವು ಕೂತ ಹಕ್ಕಿಯು ಗೂಡು ಬಿಟ್ಟಿಳಿಯುವುದು, ಮೊಟ್ಟೆಗಳು ತಣ್ಣಗಾಗುವುವು.

ಇನ್ನು ಅಪಾಯದ ಸಂಗತಿ. ಆಹಾರವನ್ನು ಅರೆಯಲು ಲೂನ್ ಸಣ್ಣ ಕಲ್ಲುಗಳನ್ನು ನುಂಗುವುದು. ಗಾಳಹಾಕುವವರ ಸೀಸದ ಗುಂಡನ್ನೂ ಕಲ್ಲೆಂದು ನುಂಗುವುದುಂಟು. ಗಾಳ ಕಚ್ಚಿದ ಮೀನಿನ ಸಂಗಡ ಒಳಗೆ ಹೋಗುವುದೂ ಉಂಟು. ಒಂದೇ ಗುಂಡು ಕೆಲವು ವಾರಗಳೊಳಗೆ ಕೊಲ್ಲಬಲ್ಲದು. ಆ ಸಂಸ್ಥಾನದಲ್ಲಿ ಬೆಳೆದ ಲೂನ್‌ಗಳ ಮರಣಕ್ಕೆ ಇದೇ ಮುಖ್ಯ ಕಾರಣಗಳಲ್ಲೊಂದೆಂದು ಸತ್ತ ಹಕ್ಕಿಗಳ ಪರೀಕ್ಷೆಯಿಂದ ತಿಳಿದಿದೆ. 1975ರಲ್ಲಿ ಸ್ಥಾಪಿತವಾದ ಲೂನ್ ಸಂರಕ್ಷಣಾ ಸಮಿತಿಯವರು ನೀರಿನೊಡನೆ ಏರಿಳಿಯುವ ತೆಪ್ಪಗಳನ್ನು ಗೂಡಿಗಾಗಿ ಒದಗಿಸಿದ್ದಾರೆ. ಅಂದಿನಿಂದ ಸಂಸ್ಥಾನದ ಒಟ್ಟು ಸಂಖ್ಯೆಯೂ ಏರಿದೆ. ಆದರೆ ಲೂನ್ ಮೊದಲು ಮರಿಮಾಡುವುದು ಸುಮಾರು ಆರನೆಯ ವರ್ಷದಲ್ಲಿ. ಒಂದು ದೊಡ್ಡ ಹಕ್ಕಿ ಸತ್ತ ನಷ್ಟವು ಬೇಗ ತುಂಬದು. 1 ಔನ್ಸಿಗೆ ಮೀರದ ಸೀಸದ ಗುಂಡುಗಳ ಮಾರಾಟವನ್ನು 2016ರಲ್ಲಿ ಕಾನೂನು ನಿಷೇಧಿಸಿತು. ಅಂಗಡಿಯಲ್ಲಿ ನಿಂತರೂ, ಮನೆಗಳ ಹಳೆಯ ಗಾಳದ ಪೆಟ್ಟಿಗೆಗಳನ್ನು ಯಾರು ತೆರೆದು ನೋಡುವರು?