ದೂರದ ಸರ್ವರ್‌ಗೆ ಆಪರೇಟಿಂಗ್ ಸಿಸ್ಟಂ: ಸ್ಥಾಪನೆ ಎಲ್ಲಿ ನಿಂತಿತು, ಮುಂದೇನು?

ಡೇಟಾ ಸೆಂಟರ್‌ಗಳ ರ‍್ಯಾಕ್‌ಗಳಲ್ಲಿರುವ ಸರ್ವರ್‌ಗಳಿಗೆ ಸಾಮಾನ್ಯವಾಗಿ ಮಾನಿಟರ್, ಕೀಬೋರ್ಡ್‌ಗಳನ್ನು ಜೋಡಿಸಿರುವುದಿಲ್ಲ; ಅವುಗಳ ನಿರ್ವಾಹಕರು ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಇದ್ದುಕೊಂಡು, ಯಂತ್ರವನ್ನು ಚಾಲೂ ಮಾಡುವುದರಿಂದ ಹಿಡಿದು ಆಪರೇಟಿಂಗ್ ಸಿಸ್ಟಂ ಹಾಕುವವರೆಗಿನ ಎಲ್ಲ ಕೆಲಸವನ್ನೂ ನೆಟ್‌ವರ್ಕ್ ಮೂಲಕವೇ ಮಾಡುತ್ತಾರೆ. ಸ್ಥಾಪನೆ ನಡುವೆ ನಿಂತುಹೋದಾಗ ಅವರಿಗೆ ಕಾಣುವುದು ಬಹಳಷ್ಟು ಸಲ ಒಂದು ಕಪ್ಪು ಪರದೆ ಮಾತ್ರ. ಆ ಕಪ್ಪು ಪರದೆಗೆ ಐದಾರು ಕಾರಣಗಳಿರಬಹುದಾದ್ದರಿಂದ, ಹಲವು ಸೆಟ್ಟಿಂಗ್‌ಗಳನ್ನು ಒಟ್ಟಿಗೆ ಬದಲಿಸಿ ಮತ್ತೆ ಮತ್ತೆ ರೀಬೂಟ್ ಮಾಡುವುದರಿಂದ ಪ್ರಯೋಜನವಾಗುವುದು ಅಪರೂಪ. ಸ್ಥಾಪನೆ ಯಾವ ಹಂತದಲ್ಲಿ ನಿಂತಿತೆಂದು ಮೊದಲು ಗೊತ್ತುಮಾಡಿಕೊಂಡು, ಆ ಹಂತ ಬಿಟ್ಟುಹೋದ ಕುರುಹನ್ನು ಓದಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದೇ ಇಲ್ಲಿ ಫಲ ಕೊಡುವ ಕ್ರಮ. ರೆಡ್ ಹ್ಯಾಟ್ ಬಳಗದ ಲಿನಕ್ಸ್ ಅನ್ನು ಮುಖ್ಯ ಉದಾಹರಣೆಯಾಗಿಟ್ಟುಕೊಂಡು ಆ ಹಂತಗಳನ್ನು ಇಲ್ಲಿ ವಿವರಿಸಲಾಗಿದೆ.

1. ನಿರ್ವಹಣಾ ನಿಯಂತ್ರಕ ಸಿಗುತ್ತಿದೆಯೇ?

ದೂರದಿಂದ ನಡೆಯುವ ಕೆಲಸವೆಲ್ಲ ನಿಂತಿರುವುದು ಸರ್ವರ್‌ನ ಮದರ್‌ಬೋರ್ಡ್ ಮೇಲಿರುವ ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್, ಅಂದರೆ ಬಿಎಂಸಿ ಎಂಬ ಪುಟ್ಟ ಸ್ವತಂತ್ರ ಕಂಪ್ಯೂಟರಿನ ಮೇಲೆ. ಅದಕ್ಕೆ ತನ್ನದೇ ಪ್ರೊಸೆಸರ್ ಮತ್ತು ಐಪಿ ವಿಳಾಸವಿದ್ದು, ಮುಖ್ಯ ಯಂತ್ರ ಆಫ್ ಆಗಿದ್ದರೂ ವಿದ್ಯುತ್ ಕೇಬಲ್ ಚುಚ್ಚಿರುವವರೆಗೆ ಅದು ಎಚ್ಚರವಾಗಿರುತ್ತದೆ. ಡೆಲ್ ಕಂಪನಿ ಇದನ್ನು ಐಡ್ರ್ಯಾಕ್ ಎಂದೂ, ಎಚ್‌ಪಿಇ ಐಎಲ್‌ಒ ಎಂದೂ, ಲೆನೊವೊ ಎಕ್ಸ್‌ಕ್ಲಾರಿಟಿ ಕಂಟ್ರೋಲರ್ ಎಂದೂ ಕರೆಯುತ್ತವೆ. ಇಂಥ ನಿಯಂತ್ರಕಗಳ ಜೊತೆ ವ್ಯವಹರಿಸಲು 1998ರಲ್ಲಿ ಐಪಿಎಂಐ ಎಂಬ ಮಾನದಂಡ ಬಂದಿತು, 2015ರಲ್ಲಿ ರೆಡ್‌ಫಿಶ್ ಎಂಬ ಹೊಸ ಮಾನದಂಡ ಅದರ ಜೊತೆಗೂಡಿತು.

ಬಿಎಂಸಿಯ ವೆಬ್ ಪುಟ ತೆರೆದುಕೊಂಡರೂ ರಿಮೋಟ್ ಕನ್ಸೋಲ್, ಅಂದರೆ ಸರ್ವರ್‌ನ ಪರದೆಯನ್ನು ಬ್ರೌಸರ್‌ನಲ್ಲಿ ತೋರಿಸುವ ಸೌಲಭ್ಯ, ತೆರೆಯದಿದ್ದರೆ ಮೊದಲು ಲೈಸೆನ್ಸ್ ನೋಡಬೇಕು; ಐಡ್ರ್ಯಾಕ್‌ನಲ್ಲಿ ಎಂಟರ್‌ಪ್ರೈಸ್ ದರ್ಜೆಯ, ಐಎಲ್‌ಒದಲ್ಲಿ ಅಡ್ವಾನ್ಸ್‌ಡ್ ದರ್ಜೆಯ ಲೈಸೆನ್ಸ್ ಇಲ್ಲದಿದ್ದರೆ ಈ ಸೌಲಭ್ಯ ಪೂರ್ತಿಯಾಗಿ ದೊರೆಯುವುದಿಲ್ಲ. ಹಳೆಯ ಮಾದರಿಗಳ ಕನ್ಸೋಲ್‌ಗೆ ಜಾವಾ ಬೇಕಾಗುವುದರಿಂದ, ಬಿಎಂಸಿಯ ಫರ್ಮ್‌ವೇರ್ ನವೀಕರಿಸಿ ಎಚ್‌ಟಿಎಂಎಲ್5 ಕನ್ಸೋಲ್ ಸಿಗುವುದೇ ಎಂದು ಪರೀಕ್ಷಿಸುವುದು ಒಳ್ಳೆಯದು. ನಿಯಂತ್ರಕವೇ ಜಡಗಟ್ಟಿದ್ದರೆ ಅದನ್ನು ಮಾತ್ರ ರೀಸೆಟ್ ಮಾಡಬಹುದು. ಮುಖ್ಯ ಯಂತ್ರದ ಕೆಲಸಕ್ಕೆ ಅದರಿಂದ ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಸ್ಥಾಪನೆ ಆರಂಭಿಸುವ ಮೊದಲು ಬಿಎಂಸಿಯ ಘಟನಾ ದಾಖಲೆಯಲ್ಲಿ ಮೆಮೊರಿ, ಡಿಸ್ಕ್ ಅಥವಾ ಪವರ್ ಸಪ್ಲೈ ದೋಷವಿದೆಯೇ ಎಂದು ಕಣ್ಣಾಡಿಸಿದರೆ, ಹಾರ್ಡ್‌ವೇರ್ ತೊಂದರೆಯನ್ನು ಸಾಫ್ಟ್‌ವೇರ್‌ನಲ್ಲಿ ಹುಡುಕುವ ವ್ಯರ್ಥ ಶ್ರಮ ತಪ್ಪುತ್ತದೆ.

2. ಐಎಸ್‌ಒ ಕಡತ ಯಾವ ದಾರಿಯಲ್ಲಿ ಬರುತ್ತಿದೆ?

ವರ್ಚುವಲ್ ಮೀಡಿಯಾ ಎಂದರೆ ನಿರ್ವಾಹಕರ ಕಂಪ್ಯೂಟರಿನಲ್ಲಿರುವ ಐಎಸ್‌ಒ ಕಡತವನ್ನು, ಸರ್ವರ್‌ಗೆ ಯುಎಸ್‌ಬಿ ಸಿ.ಡಿ. ಡ್ರೈವ್‌ನಂತೆ ತೋರಿಸುವ ಬಿಎಂಸಿ ಸೌಲಭ್ಯ. ಸರ್ವರ್ ಓದುವ ಪ್ರತಿಯೊಂದು ಬೈಟ್ ಕೂಡ ಆ ಕಂಪ್ಯೂಟರಿನ ಅಪ್‌ಲೋಡ್ ಸಂಪರ್ಕದ ಮೂಲಕವೇ ಹೋಗಬೇಕಾದ್ದರಿಂದ ಕಡತದ ಗಾತ್ರ ಇಲ್ಲಿ ನಿರ್ಣಾಯಕ. ಅಪ್‌ಲೋಡ್ ವೇಗ ಸೆಕೆಂಡಿಗೆ 10 ಮೆಗಾಬಿಟ್ ಇದ್ದರೆ 1 ಗಿಗಾಬೈಟ್ ಕಳುಹಿಸಲು ಕನಿಷ್ಠ 13 ನಿಮಿಷ, 10 ಗಿಗಾಬೈಟ್ ಕಳುಹಿಸಲು ಎರಡು ಗಂಟೆಗೂ ಹೆಚ್ಚು ಹಿಡಿಯುತ್ತದೆ. ನಡುವೆ ಬ್ರೌಸರ್ ಟ್ಯಾಬ್ ಮುಚ್ಚಿದರೆ ಅಥವಾ ಲ್ಯಾಪ್‌ಟಾಪ್ ನಿದ್ರಾಸ್ಥಿತಿಗೆ ಹೋದರೆ ಸಂಪರ್ಕ ಕಡಿದು, ಸ್ಥಾಪನೆ ಅಲ್ಲೇ ನಿಲ್ಲುತ್ತದೆ.

ರೆಡ್ ಹ್ಯಾಟ್ ಬಳಗದ ಬೂಟ್ ಮೆನುವಿನಲ್ಲಿ ಮಾಧ್ಯಮವನ್ನು ಪರೀಕ್ಷಿಸಿ ಸ್ಥಾಪಿಸುವ ಆಯ್ಕೆಯೇ ಮೊದಲೇ ಆಯ್ಕೆಗೊಂಡಿರುತ್ತದೆ. ಅದು ಇಡೀ ಐಎಸ್‌ಒ ಕಡತವನ್ನು ಒಮ್ಮೆ ಓದುವುದರಿಂದ, ನಿಧಾನದ ಸಂಪರ್ಕದಲ್ಲಿ ಯಂತ್ರ ಸ್ತಬ್ಧವಾದಂತೆ ಕಾಣುತ್ತದೆ. ಎಸ್ಕೇಪ್ ಕೀಲಿ ಒತ್ತಿ ಪರೀಕ್ಷೆಯನ್ನು ಬಿಡಬಹುದು. ಡ್ರಾಕಟ್ ಇನಿಟ್‌ಕ್ಯೂ ಟೈಮ್‌ಔಟ್ ಎಂಬ ಸಂದೇಶ ಸಾಲುಸಾಲಾಗಿ ಬಂದು ತುರ್ತು ಶೆಲ್ ತೆರೆದುಕೊಂಡರೆ, ಕರ್ನಲ್ ಬೂಟ್ ಆಗಿದೆ, ಆದರೆ ಸ್ಥಾಪಕದ ಎರಡನೆಯ ಭಾಗವಿರುವ ಮಾಧ್ಯಮ ಅದಕ್ಕೆ ಸಿಗುತ್ತಿಲ್ಲ ಎಂದು ತಿಳಿಯಬೇಕು. ವರ್ಚುವಲ್ ಡ್ರೈವ್ ಕಳಚಿಕೊಂಡಿರುವುದು, ಬೂಟ್ ಸಾಲಿನಲ್ಲಿ ಬರೆದ ಲೇಬಲ್ ಮಾಧ್ಯಮದ ಲೇಬಲ್‌ಗೆ ಹೊಂದದಿರುವುದು ಇದಕ್ಕೆ ಸಾಮಾನ್ಯ ಕಾರಣಗಳು.

ಇದಕ್ಕೆಲ್ಲ ಒಳ್ಳೆಯ ಪರಿಹಾರವೆಂದರೆ ಐಎಸ್‌ಒವನ್ನು ಅದೇ ಡೇಟಾ ಸೆಂಟರ್‌ನ ಮತ್ತೊಂದು ಯಂತ್ರದಲ್ಲಿಟ್ಟು, ಬಿಎಂಸಿ ಒಪ್ಪುವ ಎನ್ಎಫ್‌ಎಸ್, ಸಿಐಎಫ್‌ಎಸ್ ಅಥವಾ ಎಚ್‌ಟಿಟಿಪಿ ದಾರಿಯಿಂದ ಜೋಡಿಸುವುದು. ಅದು ಸಾಧ್ಯವಿಲ್ಲದಿದ್ದರೆ ಪೂರ್ಣ ಡಿವಿಡಿ ಕಡತದ ಬದಲು ಚಿಕ್ಕ ನೆಟ್‌ವರ್ಕ್ ಸ್ಥಾಪನಾ ಕಡತ ಬಳಸಿ, ಉಳಿದ ಪ್ಯಾಕೇಜ್‌ಗಳನ್ನು ಸರ್ವರ್ ತಾನೇ ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುವಂತೆ ಮಾಡಬಹುದು. ಎರಡೂ ಸಂದರ್ಭದಲ್ಲಿ ಕಡತದ ಎಸ್‌ಎಚ್‌ಎ-256 ಮೊತ್ತವನ್ನು ಪ್ರಕಾಶಕರು ಕೊಟ್ಟಿರುವ ಮೊತ್ತದೊಂದಿಗೆ ತಾಳೆ ನೋಡುವುದನ್ನು ಬಿಡಬಾರದು.

3. ಬೂಟ್ ವಿಧಾನ ಹೊಂದುತ್ತಿದೆಯೇ?

ಯಂತ್ರ ಚಾಲೂ ಆದೊಡನೆ ಓಡುವ ಫರ್ಮ್‌ವೇರ್‌ನಲ್ಲಿ ಹಳೆಯ ಬಯೋಸ್ ಮತ್ತು ಹೊಸ ಯುಇಎಫ್‌ಐ ಎಂಬ ಎರಡು ವಿಧಾನಗಳಿವೆ. ಸ್ಥಾಪಕ ಯಾವ ವಿಧಾನದಲ್ಲಿ ಬೂಟ್ ಆಯಿತೋ ಅದೇ ವಿಧಾನಕ್ಕೆ ತಕ್ಕಂತೆ ಡಿಸ್ಕನ್ನು ಸಿದ್ಧಪಡಿಸುತ್ತದೆ; ಆದ್ದರಿಂದ ಸ್ಥಾಪನೆ ಒಂದರಲ್ಲಿ ನಡೆದು, ನಂತರದ ಬೂಟ್ ಇನ್ನೊಂದರಲ್ಲಿ ನಡೆದರೆ ಆಪರೇಟಿಂಗ್ ಸಿಸ್ಟಂ ಸಿಗುವುದಿಲ್ಲ. ಬಯೋಸ್ ವಿಧಾನದ ಎಂಬಿಆರ್ ವಿಭಜನಾ ಪಟ್ಟಿ, 512 ಬೈಟ್ ಸೆಕ್ಟರ್‌ಗಳ ಡಿಸ್ಕ್‌ನಲ್ಲಿ ಸುಮಾರು 2.2 ಟೆರಾಬೈಟ್‌ವರೆಗೆ ಮಾತ್ರ ಎಣಿಸಬಲ್ಲದಾದ್ದರಿಂದ, ದೊಡ್ಡ ಡಿಸ್ಕ್‌ಗಳಿರುವಲ್ಲಿ ಯುಇಎಫ್‌ಐ ಮತ್ತು ಜಿಪಿಟಿ ಪಟ್ಟಿಯನ್ನು ಆರಿಸಿಕೊಳ್ಳುವುದೇ ಸೂಕ್ತ.

ಯುಇಎಫ್‌ಐನಲ್ಲಿ ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದ್ದರೆ ಸಹಿ ಇಲ್ಲದ ಬೂಟ್ ಕಡತಗಳನ್ನು ಫರ್ಮ್‌ವೇರ್ ತಿರಸ್ಕರಿಸುತ್ತದೆ. ಪ್ರೊಸೆಸರ್‌ನ ವಯಸ್ಸನ್ನೂ ಗಮನಿಸಬೇಕು: ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ಕ್ಕೆ ಎಕ್ಸ್86-64 ವಿ2 ಮಟ್ಟದ, 10ಕ್ಕೆ ವಿ3 ಮಟ್ಟದ ಪ್ರೊಸೆಸರ್ ಬೇಕು; ಅದಕ್ಕಿಂತ ಹಳೆಯ ಯಂತ್ರದಲ್ಲಿ ಯಾವ ಸೆಟ್ಟಿಂಗ್ ತಿರುಗಿಸಿದರೂ ಸ್ಥಾಪನೆ ಮುಂದುವರಿಯುವುದಿಲ್ಲ.

4. ನೆಟ್‌ವರ್ಕ್ ಬೂಟ್ ಎಲ್ಲಿ ಮುಗ್ಗರಿಸಿತು?

ಅನೇಕ ಸರ್ವರ್‌ಗಳಿಗೆ ಒಟ್ಟಿಗೆ ಸ್ಥಾಪನೆ ಮಾಡುವಾಗ ಪಿಎಕ್ಸ್‌ಇ ಎಂಬ ವಿಧಾನ ಬಳಕೆಯಲ್ಲಿದೆ. ಇದರಲ್ಲಿ ನೆಟ್‌ವರ್ಕ್ ಕಾರ್ಡ್ ಮೊದಲು ಡಿಎಚ್‌ಸಿಪಿ ಸರ್ವರ್‌ನಿಂದ ಐಪಿ ವಿಳಾಸವನ್ನೂ ಬೂಟ್ ಕಡತದ ಹೆಸರನ್ನೂ ಕೇಳಿ ಪಡೆದು, ಬಳಿಕ ಟಿಎಫ್‌ಟಿಪಿ ಎಂಬ ಸರಳ ಕಡತ ವರ್ಗಾವಣೆ ವಿಧಾನದಿಂದ ಆ ಕಡತವನ್ನು ತರಿಸಿಕೊಳ್ಳುತ್ತದೆ. ಈ ಸರಪಳಿಯ ಯಾವ ಕೊಂಡಿ ಕಳಚಿದೆ ಎಂಬುದನ್ನು ಪರದೆಯ ಮೇಲಿನ ದೋಷ ಸಂಖ್ಯೆಯೇ ಹೇಳುತ್ತದೆ. ಬಯೋಸ್ ವಿಧಾನದಲ್ಲಿ ಸಾಮಾನ್ಯವಾಗಿ ಕಾಣುವ ಸಂಖ್ಯೆಗಳು ಇವು:

• ಇ61: ಕಾರ್ಡ್‌ಗೆ ಕೇಬಲ್ ಸಂಪರ್ಕವೇ ಸಿಗುತ್ತಿಲ್ಲ. ಕೇಬಲ್, ಸ್ವಿಚ್ ಪೋರ್ಟ್‌ಗಳನ್ನು ಪರೀಕ್ಷಿಸಿ, ಬೂಟ್‌ಗೆ ಆರಿಸಿದ ಪೋರ್ಟ್ ಸರಿಯೇ ಎಂದು ಮ್ಯಾಕ್ ವಿಳಾಸದಿಂದ ಖಚಿತಪಡಿಸಿಕೊಳ್ಳಬೇಕು.

• ಇ51: ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲ. ಪೋರ್ಟ್ ಬೇರೆ ವಿಎಲ್ಎಎನ್‌ನಲ್ಲಿದೆಯೇ, ಡಿಎಚ್‌ಸಿಪಿ ಬೇರೆ ಜಾಲದಲ್ಲಿದ್ದರೆ ರಿಲೇ ಇದೆಯೇ ಎಂದು ನೋಡಬೇಕು.

• ಇ53: ಐಪಿ ವಿಳಾಸ ಸಿಕ್ಕಿದೆ, ಆದರೆ ಬೂಟ್ ಕಡತದ ಹೆಸರು ಬಂದಿಲ್ಲ. ಡಿಎಚ್‌ಸಿಪಿಯ 66 ಮತ್ತು 67ನೆಯ ಆಯ್ಕೆಗಳನ್ನು ಪರಿಶೀಲಿಸಬೇಕು.

• ಇ32: ಹೆಸರು ಗೊತ್ತಾಗಿದೆ, ಆದರೆ ಟಿಎಫ್‌ಟಿಪಿ ಸರ್ವರ್ ಉತ್ತರಿಸುತ್ತಿಲ್ಲ. ಆ ಸೇವೆ ಚಾಲ್ತಿಯಲ್ಲಿದೆಯೇ, ಫೈರ್‌ವಾಲ್ ಯುಡಿಪಿ 69ನೆಯ ಪೋರ್ಟನ್ನು ತಡೆಯುತ್ತಿದೆಯೇ ಎಂದು ನೋಡಬೇಕು.

ಯುಇಎಫ್‌ಐ ವಿಧಾನದಲ್ಲಿ ಸಂಖ್ಯೆಗಳು ಬೇರೆ: ಡಿಎಚ್‌ಸಿಪಿ ಉತ್ತರ ಬಾರದಿದ್ದರೆ ಇ16, ಬೂಟ್ ಸರ್ವರ್ ಸಮಯಕ್ಕೆ ಉತ್ತರಿಸದಿದ್ದರೆ ಇ18 ಕಾಣಿಸಿಕೊಳ್ಳುತ್ತದೆ. ಕಡತ ಇಳಿದರೂ ಬೂಟ್ ಆಗದಿದ್ದರೆ, ಬಯೋಸ್‌ಗೆ ಮೀಸಲಾದ ಕಡತವನ್ನು ಯುಇಎಫ್‌ಐ ಯಂತ್ರಕ್ಕೆ ಕೊಟ್ಟಿರುವ ಸಂಭವ ಹೆಚ್ಚು. ಯಂತ್ರ ತನ್ನ ವಿಧವನ್ನು 93ನೆಯ ಆಯ್ಕೆಯಲ್ಲಿ ತಿಳಿಸುವುದರಿಂದ, ಅದನ್ನು ಓದಿ ತಕ್ಕ ಕಡತ ಕೊಡುವಂತೆ ಡಿಎಚ್‌ಸಿಪಿಯನ್ನು ಸಜ್ಜುಗೊಳಿಸಬೇಕು.

ಬೂಟ್ ಒಮ್ಮೆ ಆಗಿ ಇನ್ನೊಮ್ಮೆ ಆಗದಿದ್ದರೆ ಸ್ವಿಚ್‌ನ ಸ್ಪ್ಯಾನಿಂಗ್ ಟ್ರೀ ವ್ಯವಸ್ಥೆಯ ಮೇಲೆ ಸಂಶಯಪಡಬೇಕು. ಜಾಲದಲ್ಲಿ ಸುತ್ತುದಾರಿ ಉಂಟಾಗದಂತೆ ತಡೆಯುವ ಈ ವ್ಯವಸ್ಥೆಯ ಹಳೆಯ ರೂಪ, ಪೋರ್ಟ್ ಎಚ್ಚರಗೊಂಡ ಮೇಲೆ ದತ್ತಾಂಶವನ್ನು ಬಿಡಲು 30 ಸೆಕೆಂಡ್ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಪಿಎಕ್ಸ್‌ಇಯ ತಾಳ್ಮೆ ಮುಗಿದಿರಬಹುದು. ಸರ್ವರ್‌ಗಳು ಜೋಡಿಸಿಕೊಂಡ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ ಅಥವಾ ಪೋರ್ಟ್‌ಫಾಸ್ಟ್ ಎಂದು ಗುರುತಿಸಿದರೆ ಈ ವಿಳಂಬ ಇಲ್ಲವಾಗುತ್ತದೆ.

5. ಕರ್ನಲ್ ಬಂದ ಮೇಲೆ ಪರದೆ ಕಪ್ಪಾದರೆ

ಬೂಟ್ ಮೆನು ಕಂಡು, ಆಯ್ಕೆ ಒತ್ತಿದ ಮೇಲೆ ಪರದೆ ಕಪ್ಪಾದರೆ ಸ್ಥಾಪನೆ ನಿಂತಿದೆಯೆಂದೇ ಅರ್ಥವಲ್ಲ. ಬಿಎಂಸಿಯ ಗ್ರಾಫಿಕ್ಸ್ ಚಿಪ್‌ಗೆ ಕರ್ನಲ್ ಆರಿಸಿದ ಚಿತ್ರ ವಿಧಾನ ಹೊಂದದಿರಬಹುದು. ಬೂಟ್ ಸಾಲಿಗೆ ನೋಮೋಡ್‌ಸೆಟ್ ಎಂಬ ಸೂಚನೆ ಸೇರಿಸುವುದು ಮೊದಲ ಪ್ರಯತ್ನ. ಅದಕ್ಕಿಂತ ಭದ್ರವಾದ ದಾರಿ ಸೀರಿಯಲ್ ಓವರ್ ಲ್ಯಾನ್, ಅಂದರೆ ಸರ್ವರ್‌ನ ಸೀರಿಯಲ್ ಪೋರ್ಟ್‌ಗೆ ಬರುವ ಪಠ್ಯವನ್ನು ಬಿಎಂಸಿ ಮೂಲಕ ಓದುವ ಸೌಲಭ್ಯ. ಇದಕ್ಕಾಗಿ ಕರ್ನಲ್‌ಗೆ ಕನ್ಸೋಲ್ ಯಾವ ಪೋರ್ಟ್‌ನಲ್ಲಿದೆ ಎಂದು ಹೇಳಬೇಕು, ಫರ್ಮ್‌ವೇರ್‌ನಲ್ಲೂ ಕರ್ನಲ್‌ನಲ್ಲೂ ಒಂದೇ ವೇಗ, ಸಾಮಾನ್ಯವಾಗಿ 115200, ಇರಬೇಕು. ಕೆಲವು ಮಾದರಿಗಳಲ್ಲಿ ಬಿಎಂಸಿ ಎರಡನೆಯ ಸೀರಿಯಲ್ ಪೋರ್ಟನ್ನು ಬಳಸುವುದರಿಂದ, ಏನೂ ಕಾಣದಿದ್ದರೆ ಪೋರ್ಟ್ ಸಂಖ್ಯೆ ಬದಲಿಸಿ ನೋಡಬೇಕು.

ಸ್ಥಾಪಕ ಒಮ್ಮೆ ಓಡಲಾರಂಭಿಸಿದರೆ ಬಿಎಂಸಿಯ ನಿಧಾನದ ಪರದೆಯನ್ನೇ ನೆಚ್ಚಿಕೊಳ್ಳಬೇಕಿಲ್ಲ. ರೆಡ್ ಹ್ಯಾಟ್‌ನ ಸ್ಥಾಪಕ 9ನೆಯ ಆವೃತ್ತಿಯವರೆಗೆ ವಿಎನ್‌ಸಿ ಮೂಲಕ, 10ರಿಂದ ಆರ್‌ಡಿಪಿ ಮೂಲಕ ದೂರದಿಂದ ನಡೆಸಲು ಅವಕಾಶ ಕೊಡುತ್ತದೆ. ಡೆಬಿಯನ್‌ನಲ್ಲಿ ಎಸ್‌ಎಸ್‌ಎಚ್ ಮೂಲಕ ಸ್ಥಾಪನೆ ಮುಂದುವರಿಸುವ ವ್ಯವಸ್ಥೆಯಿದೆ.

6. ಡಿಸ್ಕ್ ಕಾಣದಿದ್ದರೆ, ಅಥವಾ ಬೇಡದ ಡಿಸ್ಕ್ ಕಂಡರೆ

ಸ್ಥಾಪಕದ ಪಟ್ಟಿಯಲ್ಲಿ ಡಿಸ್ಕ್ ಇಲ್ಲದಿದ್ದರೆ, ಅದರ ಶೆಲ್ ತೆರೆದು ಎರಡು ಪಟ್ಟಿಗಳನ್ನು ಹೋಲಿಸಬೇಕು: ಯಂತ್ರದಲ್ಲಿರುವ ಕಾರ್ಡ್‌ಗಳ ಪಟ್ಟಿ ಮತ್ತು ಕರ್ನಲ್ ಗುರುತಿಸಿದ ಡಿಸ್ಕ್‌ಗಳ ಪಟ್ಟಿ. ಕಾರ್ಡ್‌ಗಳ ಪಟ್ಟಿಯಲ್ಲಿ ರೇಡ್ ಕಂಟ್ರೋಲರ್, ಅಂದರೆ ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದಾಗಿ ತೋರಿಸುವ ಕಾರ್ಡ್, ಇಲ್ಲವೇ ಇಲ್ಲವೆಂದರೆ ಅದು ಫರ್ಮ್‌ವೇರ್‌ನಲ್ಲಿ ನಿಷ್ಕ್ರಿಯಗೊಂಡಿದೆ ಅಥವಾ ಕೆಟ್ಟಿದೆ. ಕಾರ್ಡ್ ಕಂಡು ಅದಕ್ಕೆ ಡ್ರೈವರ್ ಸೇರಿಕೊಂಡಿರದಿದ್ದರೆ ಡ್ರೈವರ್ ಒದಗಿಸಬೇಕು. ರೆಡ್ ಹ್ಯಾಟ್ 8ನೆಯ ಆವೃತ್ತಿಯಿಂದ ಅನೇಕ ಹಳೆಯ ಕಂಟ್ರೋಲರ್‌ಗಳ ಬೆಂಬಲವನ್ನು ಕೈಬಿಟ್ಟಿರುವುದರಿಂದ, ಅಂಥ ಯಂತ್ರಗಳಿಗೆ ಎಲ್‌ರೆಪೊ ಯೋಜನೆಯ ಡ್ರೈವರ್ ಡಿಸ್ಕ್ ನೆರವಾಗುತ್ತದೆ. ಕಾರ್ಡ್ ಕಂಡು, ಡ್ರೈವರ್ ಸೇರಿಕೊಂಡಿದ್ದರೂ ಡಿಸ್ಕ್ ಕಾಣದಿದ್ದರೆ, ಕಂಟ್ರೋಲರ್‌ನಲ್ಲಿ ವರ್ಚುವಲ್ ಡಿಸ್ಕ್ ರಚಿಸಿಲ್ಲವೆಂದೇ ಬಹುಪಾಲು ತಿಳಿಯಬಹುದು.

ಡಿಸ್ಕ್ ಕಂಡಾಗ ಇನ್ನೊಂದು ಅಪಾಯ ಎದುರಾಗುತ್ತದೆ. ವರ್ಚುವಲ್ ಮೀಡಿಯಾದ ಡ್ರೈವ್ ಕೂಡ ಯುಎಸ್‌ಬಿ ಡಿಸ್ಕ್‌ನಂತೆ ಪಟ್ಟಿಯಲ್ಲಿ ಮೊದಲು ಬರಬಹುದಾದ್ದರಿಂದ, ಕರ್ನಲ್ ಕೊಟ್ಟ ಹೆಸರನ್ನು ನಂಬದೆ ಗಾತ್ರ ಮತ್ತು ಸೀರಿಯಲ್ ಸಂಖ್ಯೆಯಿಂದ ಡಿಸ್ಕ್ ಗುರುತಿಸಿದ ಮೇಲೆಯೇ ಅಳಿಸಲು ಒಪ್ಪಿಗೆ ಕೊಡಬೇಕು. ಹಿಂದೆ ಬೇರೆಡೆ ಬಳಸಿದ ಡಿಸ್ಕ್‌ಗಳಲ್ಲಿ ಉಳಿದ ರೇಡ್ ಅಥವಾ ಎಲ್‌ವಿಎಂ ಗುರುತುಗಳು ವಿಭಜನೆಯ ಹಂತದಲ್ಲಿ ದೋಷ ತರುತ್ತವೆ. ದತ್ತಾಂಶ ಬೇಡವೆಂದು ಖಚಿತವಾದರೆ ಆ ಗುರುತುಗಳನ್ನು ಅಳಿಸಿ ಮತ್ತೆ ಆರಂಭಿಸಬೇಕು.

7. ನಡುವೆ ನಿಂತರೆ ಲಾಗ್ ಓದುವುದು

ಪ್ಯಾಕೇಜ್ ಇಳಿಸುವಾಗ ಪ್ರಮಾಣಪತ್ರದ ದೋಷ ಬಂದರೆ ಮೊದಲು ಗಡಿಯಾರ ನೋಡಬೇಕು. ಮದರ್‌ಬೋರ್ಡ್‌ನ ಬ್ಯಾಟರಿ ಮುಗಿದು ದಿನಾಂಕ ಹಲವು ವರ್ಷ ಹಿಂದೆ ಹೋಗಿದ್ದರೆ, ಸರಿಯಾದ ಪ್ರಮಾಣಪತ್ರವೂ ಇನ್ನೂ ಜಾರಿಗೆ ಬಂದಿಲ್ಲವೆಂದು ಯಂತ್ರ ತಿಳಿಯುತ್ತದೆ. ಉಳಿದ ದೋಷಗಳಿಗೆ ರೆಡ್ ಹ್ಯಾಟ್‌ನ ಸ್ಥಾಪಕ ಟೆಂಪ್ ಕೋಶದಲ್ಲಿ ಅನಕೊಂಡಾ, ಸ್ಟೋರೇಜ್, ಪ್ಯಾಕೇಜಿಂಗ್ ಎಂಬ ಹೆಸರಿನ ಬೇರೆಬೇರೆ ಲಾಗ್‌ಗಳನ್ನು ಬರೆಯುತ್ತದೆ. ಡೆಬಿಯನ್‌ನಲ್ಲಿ ಆಲ್ಟ್ ಮತ್ತು ಎಫ್4 ಕೀಲಿಗಳು ಲಾಗ್ ತೋರಿಸುತ್ತವೆ. ವಿಂಡೋಸ್ ಸರ್ವರ್‌ನಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿ ಕಮಾಂಡ್ ಕಿಟಕಿ ತೆರೆದು ಪ್ಯಾಂಥರ್ ಕೋಶದ ಲಾಗ್ ಓದಬಹುದು. ಈ ಲಾಗ್‌ಗಳು ಬಹುಪಾಲು ಮೆಮೊರಿಯಲ್ಲೇ ಇರುವುದರಿಂದ ರೀಬೂಟ್ ಆದೊಡನೆ ಅಳಿಯಬಹುದು, ಆದ್ದರಿಂದ ಅದಕ್ಕೂ ಮೊದಲೇ ಅವನ್ನು ಬೇರೆ ಯಂತ್ರಕ್ಕೆ ನಕಲು ಮಾಡಿಕೊಳ್ಳಬೇಕು.

8. ಸ್ಥಾಪನೆ ಮುಗಿದರೂ ಬೂಟ್ ಆಗದಿದ್ದರೆ

ರೀಬೂಟ್ ಆದ ಮೇಲೆ ಸ್ಥಾಪಕವೇ ಮತ್ತೆ ಕಾಣಿಸಿಕೊಂಡರೆ ವರ್ಚುವಲ್ ಮೀಡಿಯಾ ಕಳಚಿಲ್ಲ ಅಥವಾ ಬೂಟ್ ಸರದಿಯಲ್ಲಿ ನೆಟ್‌ವರ್ಕ್ ಮೊದಲಿದೆ ಎಂದರ್ಥ; ಒಂದೇ ಸಲಕ್ಕೆ ಅನ್ವಯವಾಗುವ ಬೂಟ್ ಆಯ್ಕೆಯನ್ನು ಬಿಎಂಸಿಯಲ್ಲಿ ಬಳಸಿದರೆ ಈ ಸುತ್ತು ಉಂಟಾಗುವುದಿಲ್ಲ. ಬೂಟ್ ಮಾಡಬಲ್ಲ ಸಾಧನವಿಲ್ಲ ಎಂಬ ಸಂದೇಶ ಬಂದರೆ, ರೆಸ್ಕ್ಯೂ ವಿಧಾನದಲ್ಲಿ ಬೂಟ್ ಮಾಡಿ ಯುಇಎಫ್‌ಐನ ಬೂಟ್ ನಮೂದು ಇದೆಯೇ, ಅದು ತೋರಿಸುವ ವಿಭಾಗ ಸರಿಯೇ ಎಂದು ನೋಡಬೇಕು. ಯಂತ್ರ ಬೂಟ್ ಆಗಿದ್ದೂ ಎಸ್‌ಎಸ್‌ಎಚ್‌ಗೆ ಸಿಗದಿದ್ದರೆ ಕನ್ಸೋಲ್‌ನಿಂದ ಒಳಹೊಕ್ಕು ನೆಟ್‌ವರ್ಕ್ ಇಂಟರ್‌ಫೇಸ್‌ನ ಹೆಸರು, ಗೇಟ್‌ವೇ, ವಿಎಲ್ಎಎನ್‌ಗಳನ್ನು ಇದೇ ಕ್ರಮದಲ್ಲಿ ಪರಿಶೀಲಿಸಬೇಕು.

ಕೆಲಸ ಮುಗಿದ ಮೇಲೆ

ಸ್ಥಾಪನೆಯ ಅನುಕೂಲಕ್ಕಾಗಿ ತೆರೆದ ಬಾಗಿಲುಗಳನ್ನು ಮುಚ್ಚುವುದು ಕೊನೆಯ ಹೆಜ್ಜೆ. ಐಪಿಎಂಐ 2.0ರ ದೃಢೀಕರಣ ವಿಧಾನದಲ್ಲಿ ಪಾಸ್‌ವರ್ಡ್‌ನ ಹ್ಯಾಶನ್ನು ಹೊರಗಿನವರು ಪಡೆಯಬಹುದಾದ ದೋಷವಿರುವುದರಿಂದ, ಬಿಎಂಸಿಯನ್ನು ಎಂದಿಗೂ ನೇರವಾಗಿ ಇಂಟರ್‌ನೆಟ್‌ಗೆ ಒಡ್ಡದೆ ಪ್ರತ್ಯೇಕ ಜಾಲದಲ್ಲಿಟ್ಟು, ವಿಪಿಎನ್ ಮೂಲಕ ಮಾತ್ರ ತಲುಪುವಂತೆ ಮಾಡಬೇಕು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸಬೇಕು. ಫಲ ಕೊಟ್ಟ ಬೂಟ್ ವಿಧಾನ, ಕರ್ನಲ್ ಸೂಚನೆಗಳು, ಡ್ರೈವರ್, ಸೀರಿಯಲ್ ಪೋರ್ಟ್ ಸಂಖ್ಯೆಗಳನ್ನು ಆ ಮಾದರಿಯ ಹೆಸರಿನಲ್ಲಿ ಬರೆದಿಟ್ಟು, ಸಾಧ್ಯವಾದರೆ ಕಿಕ್‌ಸ್ಟಾರ್ಟ್‌ನಂಥ ಸ್ವಯಂಚಾಲಿತ ಸ್ಥಾಪನಾ ಕಡತಕ್ಕೆ ಸೇರಿಸಿದರೆ, ಅದೇ ಮಾದರಿಯ ಮುಂದಿನ ಸರ್ವರ್‌ಗೆ ಈ ಹುಡುಕಾಟ ಮತ್ತೆ ಬೇಕಾಗುವುದಿಲ್ಲ. ಕೇಬಲ್, ಡಿಸ್ಕ್, ಬ್ಯಾಟರಿಗಳ ದೋಷ ಖಚಿತವಾದಾಗ ಮಾತ್ರ ಡೇಟಾ ಸೆಂಟರ್‌ನ ಸಿಬ್ಬಂದಿಯ ನೆರವು ಕೇಳಬೇಕು. ಆಗಲೂ ರ‍್ಯಾಕ್ ಸಂಖ್ಯೆ, ಸರ್ವರ್‌ನ ಸೀರಿಯಲ್ ಸಂಖ್ಯೆ ಮತ್ತು ಪೋರ್ಟ್‌ನ ಮ್ಯಾಕ್ ವಿಳಾಸವನ್ನು ಕೋರಿಕೆಯಲ್ಲೇ ಬರೆದುಕೊಟ್ಟರೆ, ಪಕ್ಕದ ಯಂತ್ರದ ಕೇಬಲ್ ಕಿತ್ತುಹೋಗುವ ಅನಾಹುತ ತಪ್ಪುತ್ತದೆ.