ಕಿವಿಯ ಗುಂಯ್ ಸದ್ದಿಗೆ ಪಿಂಚಣಿ ಉಂಟೇ?

ಸಾಲಗುಂದದ ನಿವೃತ್ತ ಹವಾಲ್ದಾರರಿಗೆ,

ನಿಮ್ಮ ಕಿವಿಯಲ್ಲಿ ಮೊರೆಯುವ ಸದ್ದು ಮನೆಯವರಿಗೆ ಕೇಳಿಸದು ಎಂಬ ಕಾರಣಕ್ಕೆ ಸುಳ್ಳಲ್ಲ. ವರ್ಷಗಟ್ಟಲೆ ತೋಪಿನ ಪಕ್ಕ ನಿಂತವರ ಒಳಕಿವಿಯ ರೋಮಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಇದನ್ನು ವಾಸಿ ಮಾಡುವ ಮಾತ್ರೆ ಇಲ್ಲ. ಜಾಹೀರಾತು ನಂಬಿ ದುಡ್ಡು ಕಳೆಯಬೇಡಿ. ಶ್ರವಣ ಸಾಧನ ಹಲವರಿಗೆ ಆರಾಮ ಕೊಟ್ಟಿದೆ. ಮೊರೆತ ಮರೆಯಾಗಲು ರಾತ್ರಿ ಫ್ಯಾನ್ ಹಾಕಿಕೊಂಡು ಮಲಗಿ. ಭತ್ತ ಕೊಯ್ಯುವ ಯಂತ್ರದ ಬಳಿ ಕಿವಿಗೆ ರಕ್ಷಣೆ ಇರಲಿ. ಸದ್ದು ಒಂದೇ ಕಿವಿಯಲ್ಲಿದ್ದರೆ ಕಿವಿ ವೈದ್ಯರನ್ನು ಬೇಗ ಕಾಣಿ.

ಪಿಂಚಣಿಯ ಕೀಲಿ ನಿಮ್ಮ ಬಿಡುಗಡೆಯ ವೇಳೆಯ ವೈದ್ಯಕೀಯ ಮಂಡಳಿಯ ವರದಿಯಲ್ಲಿದೆ. ಪ್ರತಿ ಇಲ್ಲದಿದ್ದರೆ ರೆಕಾರ್ಡ್ ಆಫೀಸಿಗೆ ಬರೆದು ತರಿಸಿ. ಸಾಮಾನ್ಯವಾಗಿ ಅಂಗವೈಕಲ್ಯ ಶೇ 20ಕ್ಕಿಂತ ಕಡಿಮೆ ಇರಬಾರದು, ಸೇವೆಯಿಂದ ಬಂದದ್ದು ಅಥವಾ ಹೆಚ್ಚಿದ್ದು ಆಗಿರಬೇಕು. ಗುಂಯ್ ಸದ್ದನ್ನು ಅಳೆಯುವ ಯಂತ್ರವಿಲ್ಲ. ಹಾಗಾಗಿ ಶ್ರವಣ ಪರೀಕ್ಷೆಯ ಆಡಿಯೋಗ್ರಾಮ್‌ನಲ್ಲಿ ಕಾಣುವ ಶ್ರವಣ ನಷ್ಟವೇ ನಿಮ್ಮ ಬಲ.

‘ಸೇವೆಗೆ ಸಂಬಂಧವಿಲ್ಲ’ ಎಂದು ಬರೆದಿದ್ದರೆ ಎದೆಗುಂದಬೇಡಿ. ಸೇರುವಾಗ ದಾಖಲಾಗದ ಕಾಯಿಲೆ ಸೇವೆಯಿಂದಲೇ ಬಂದಿತೆಂದು ಭಾವಿಸಬೇಕು, ಅಲ್ಲವೆನ್ನುವವರೇ ಕಾರಣ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಆಗಿನ ನಿಯಮಗಳಡಿ ಹೇಳಿದೆ. ಮೊದಲು ಇಲಾಖೆಗೆ ಮೇಲ್ಮನವಿ, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ವರದಿಯಲ್ಲಿ ಕಿವಿಯ ಮಾತೇ ಇಲ್ಲದಿದ್ದರೆ ದಾರಿ ಕಷ್ಟದ್ದೇ. ಆಗ ಸೇವೆಯಲ್ಲಿದ್ದಾಗಿನ ಆಸ್ಪತ್ರೆ ಚೀಟಿಗಳನ್ನು ಹುಡುಕಿ. ಅರ್ಜಿ ಬರೆಯಲು ಸೈನಿಕ ಕಲ್ಯಾಣ ಕಚೇರಿಯವರ ನೆರವು ಕೇಳಿ. ಇದು ನಿಮ್ಮ ಹಕ್ಕು, ಸಂಕೋಚ ಬೇಡ.